ಹದಿನೇಳನೆಯ ವಿಧಿಯ ಒಂದು ಪದ

ನಾನು ಕನಕಗಿರಿಯಲ್ಲಿ ಓದುತ್ತಿದ್ದಾಗ ನಮ್ಮ ಇಂಗ್ಲಿಷ್ ಮಾಸ್ತರರು ಉದ್ದುದ್ದ ಪದಗಳನ್ನು ಕರಿಹಲಗೆಯ ಮೇಲೆ ಬರೆದು ಒಡೆದು ತೋರಿಸುತ್ತಿದ್ದರು. 9ನೆಯ ಶತಮಾನದ 'ಕವಿರಾಜಮಾರ್ಗ'ವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸಿದ ಕೊಪಣ ನಮ್ಮ ಕೊಪ್ಪಳವೇ ಎಂಬ ಹೆಮ್ಮೆ ಅವರಿಗೆ. ವ್ಯಾಕರಣ ಈ ಮಣ್ಣಿನ ಗುಣವೆನ್ನುತ್ತಿದ್ದರು. ಒಂದು ದಿನ ಅವರು ಬರೆದ ಪದ 'ಅನ್‌ಟಚಬಿಲಿಟಿ'.

ರೋಮನ್ ಲಿಪಿಯಲ್ಲಿ ಅದಕ್ಕೆ ಅಕ್ಷರಗಳು 14. ಕಿವಿಗೆ ಕೇಳುವ ಧ್ವನಿಗಳು 12. ಉಚ್ಚಾರದ ತುಂಡುಗಳು 6: ಅನ್, ಟಚ್, ಅ, ಬಿಲ್, ಇ, ಟಿ. ಅರ್ಥದ ತುಂಡುಗಳಾದರೋ ನಾಲ್ಕೇ: ನಿಷೇಧದ 'ಅನ್', ಮುಟ್ಟುವ 'ಟಚ್', ಸಾಧ್ಯತೆಯ 'ಏಬಲ್', ಭಾವನಾಮದ 'ಇಟಿ'. ನಾಲಗೆ ಕತ್ತರಿಸುವ ಜಾಗ ಬೇರೆ, ಅರ್ಥ ಕತ್ತರಿಸುವ ಜಾಗ ಬೇರೆ. ನಮ್ಮ 'ಅಸ್ಪೃಶ್ಯತೆ'ಯೂ ಹಾಗೆಯೇ. ಬರೆಯುವಾಗ ಅ, ಸ್ಪೃ, ಶ್ಯ, ತೆ. ಅರ್ಥದಲ್ಲಿ ಅ, ಸ್ಪೃಶ್, ಯ, ತೆ.

'ಮುಟ್ಟಲಾಗದ ಸ್ಥಿತಿ' ಎಂದು ಮಾಸ್ತರರು ಕನ್ನಡದಲ್ಲಿ ಬರೆದರು. ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದುನಿಂತ.

"ಮುಟ್ಟಾಕ ಬರ್ತೈತ್ರಿ ಸರ. ಮುಟ್ಟಬಾರ್ದು ಅಂತಾರ, ಅಷ್ಟ."

ಅವನು ಯಾವ ಕೇರಿಯವನೆಂಬುದು ನಮಗೆಲ್ಲ ಗೊತ್ತಿತ್ತು. ಮಾಸ್ತರರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಲಾಗದ' ಎಂಬುದನ್ನು ಅಳಿಸಿ 'ಬಾರದ' ಎಂದು ಬರೆದರು. 'ಏಬಲ್' ಪ್ರತ್ಯಯ ಮುಚ್ಚಿಟ್ಟಿದ್ದ ಮನುಷ್ಯರ ಕಟ್ಟಳೆಯನ್ನು ಆ ಹುಡುಗ ಹೊರಗೆಳೆದಿದ್ದ. ಸಂಸ್ಕೃತದ 'ಯ'ಕಾರಕ್ಕೆ 'ತಕ್ಕ' ಎಂಬ ಅರ್ಥವೂ ಇರುವುದರಿಂದ ಅದು ಇಷ್ಟು ಮುಚ್ಚಿಡಲಾರದೆಂದು ನನಗೆ ತೋರುತ್ತದೆ.

1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿ ಈ ಆಚರಣೆಯನ್ನು ರದ್ದುಗೊಳಿಸಿತು. ಇಂಗ್ಲಿಷ್ ಪಾಠದಲ್ಲಿ ಆ ಪದ ಉದ್ಧರಣ ಚಿಹ್ನೆಗಳ ನಡುವೆ ಇದೆ; ಅದರ ವ್ಯಾಖ್ಯೆ ಮಾತ್ರ ಸಂವಿಧಾನದಲ್ಲೆಲ್ಲಿಯೂ ಇಲ್ಲ. 1958ರ ಕಾನೂನು ವರದಿಗಳಲ್ಲಿ ಅಚ್ಚಾದ ಮೈಸೂರು ಹೈಕೋರ್ಟಿನ ತೀರ್ಪೊಂದು ಇದನ್ನು ಬಿಡಿಸಿ ಹೇಳಿತು: ಅಕ್ಷರಾರ್ಥವಾಗಲಿ ವ್ಯಾಕರಣಾರ್ಥವಾಗಲಿ ಇಲ್ಲಿ ಸಲ್ಲದು, ಹಾಗೆ ಅರ್ಥಮಾಡಿದರೆ ಸೂತಕದ ಮನೆಯವರೂ ಅಂಟುರೋಗಿಗಳೂ ಅದರೊಳಗೆ ಬಂದುಬಿಡುತ್ತಾರೆ. ಈ ದೇಶದ ಇತಿಹಾಸದಲ್ಲಿ ಬೆಳೆದು ಬಂದ ಆಚರಣೆಯೇ ಆ ಪದದ ಅರ್ಥ. ಇದನ್ನು ಓದಿದಾಗ ನನ್ನ ಸಹಪಾಠಿ ಅದೇ ಮಾತನ್ನು ಒಂದೇ ಉಸಿರಿನಲ್ಲಿ ಹೇಳಿದ್ದನಲ್ಲವೇ ಎನಿಸಿತು.

ನಮ್ಮ ಪಕ್ಕದ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ಕ್ಷೌರದಂಗಡಿ, ಹೋಟೆಲುಗಳ ಪ್ರವೇಶದ ತಕರಾರು ಹೊಗೆಯಾಡುತ್ತಿತ್ತು. 2014ರ ಆಗಸ್ಟಿನಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮರುತಿಂಗಳು ಹೈಕೋರ್ಟು ಅವರಲ್ಲಿ ಹೆಚ್ಚಿನವರಿಗೆ ಜಾಮೀನು ನೀಡಿತು. ಆ ಸುದ್ದಿ ಓದಿದ ಸಂಜೆ ನನಗೆ ನೆನಪಾದದ್ದು ಆ ಕರಿಹಲಗೆ, ಅದರ ಮೇಲೆ ಪೂರ್ತಿ ಅಳಿಯದೆ ಉಳಿದಿದ್ದ 'ಲಾಗದ'.