ಕಾಫಿಯ ಲೋಟವೂ ಪಂಕ್ತಿಭೇದವೂ

ಮೇಲುಕೋಟೆಯ ಚೆಲುವನಾರಾಯಣನ ಸನ್ನಿಧಿಗೆ ತಿರುಕುಲದವರು ವರ್ಷಕ್ಕೆ ಮೂರು ದಿನ ಬರಬಹುದೆಂದು ಶ್ರೀ ರಾಮಾನುಜಾಚಾರ್ಯರು ಅನುಗ್ರಹಿಸಿದರೆಂಬ ಐತಿಹ್ಯವು ಪಾಂಡವಪುರದ ಸೀಮೆಯಲ್ಲಿ ಸರ್ವವಿದಿತವಾದುದು. ಉಳಿದ ದಿನಗಳ ಮಾತನ್ನು ನಾವು ಎತ್ತುವುದಿಲ್ಲ. ದೇವಾಲಯದ ವಿಚಾರವು ಹಾಗಿರಲಿ. ಹಣ ಕೊಟ್ಟು ತಿನ್ನುವ ಹೋಟೆಲಿಗೆ ಯಾವ ಆಗಮಶಾಸ್ತ್ರವು ಆಧಾರವಾಗಿದ್ದಿತು?

ಉಗಿಬಂಡಿಯು 1882ರಲ್ಲಿ ಶ್ರೀರಂಗಪಟ್ಟಣವನ್ನು ಹಾದು ಮೈಸೂರನ್ನು ಮುಟ್ಟಿತು. ಒಂದೇ ಗಾಡಿಯಲ್ಲಿ ತೊಡೆಗೆ ತೊಡೆ ತಾಗಿಸಿ ಬಂದವರು ಇಳಿದೊಡನೆ ಬೇರೆಬೇರೆಯಾಗಿ ಉಣ್ಣುತ್ತಿದ್ದರು. ಬ್ರಾಹ್ಮಣರ ಫಲಾಹಾರಮಂದಿರವೆಂಬ ಹಲಗೆಯು ಕನ್ನಡನಾಡಿನ ಅನೇಕ ಪೇಟೆಗಳಲ್ಲಿ ತೂಗಿತು. ಇತರರಿಗೆ ಬೇರೆಯ ಸಾಲು. ಪಂಚಮರೆನಿಸಿಕೊಂಡವರಿಗೆ ಹೊರಗಣ ಜಗಲಿ ಇಲ್ಲವೆ ಬೀದಿ. ಅವರ ಲೋಟವೇ ಬೇರೆ. ಕುಡಿದವನೇ ಅದನ್ನು ತೊಳೆದಿಡಬೇಕು. ಅವನು ಕೊಟ್ಟ ಕಾಸಿಗೆ ಮಾತ್ರ ಮೈಲಿಗೆಯಿರಲಿಲ್ಲ!

1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನವು 15ನೆಯ ವಿಧಿಯಲ್ಲಿ ಹೋಟೆಲನ್ನು ಹೆಸರಿಸಿಯೇ ಈ ಭೇದವನ್ನು ನಿಷೇಧಿಸಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯು ಇನ್ನೂ ಸೂಕ್ಷ್ಮವಾದುದು. ಸಾರ್ವಜನಿಕರಿಗೆಂದಿಟ್ಟ ಪಾತ್ರೆಯ ಬಳಕೆಯನ್ನು ತಡೆಯುವುದನ್ನೂ ಅಪರಾಧವೆಂದೆಣಿಸಿತು. 1976ರಲ್ಲಿ ಅದಕ್ಕೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆಯೆಂದು ನಾಮಾಂತರವಾಯಿತು. ಅಮೆರಿಕೆಯ ಅಟ್ಲಾಂಟಾ ನಗರದಲ್ಲಿ ಕರಿಯರಿಗೆ ಕೊಠಡಿ ಕೊಡೆನೆಂದು ವ್ಯಾಜ್ಯ ಹೂಡಿದ ಮೋಟೆಲಿನವರು ಶ್ರೇಷ್ಠ ನ್ಯಾಯಾಲಯದಲ್ಲಿ ಸೋತುದು 1964ರಲ್ಲಿ. ಲೋಟದ ಮಟ್ಟಿಗೆ ನಮ್ಮ ಶಾಸನವೇ ಮುಂದಾಗಿತ್ತು. ಆಚಾರವು ಮುಂದಾಗಿತ್ತೆನ್ನಲಾರೆ.

ಹಳೆಯ ಹೋಟೆಲುಗಳು ಉತ್ಸವಗಳನ್ನಾಚರಿಸಿ ಸಂಚಿಕೆ ತರುವಾಗ ದೋಸೆಯ ರುಚಿಯನ್ನು ಬಣ್ಣಿಸುತ್ತವೆ. ಜಗಲಿಯ ಲೋಟವನ್ನು ಬಿಡುತ್ತವೆ. ನಾಗಮಂಗಲದಲ್ಲಾಗಲಿ ಕೃಷ್ಣರಾಜಪೇಟೆಯಲ್ಲಾಗಲಿ ಅಂಥ ಸಂಚಿಕೆಯು ಹೊರಡುವುದಾದರೆ, ಹೊರಗೆ ನಿಂತು ಕುಡಿದವರ ಮಕ್ಕಳನ್ನು ಕೇಳಿ ಅದನ್ನೂ ಬರೆಯಿಸಲಿ. ತಮ್ಮ ಅಡಿಗೆಮನೆಯೊಳಕ್ಕೆ ಈಗ ಯಾರು ಯಾರು ಸಲ್ಲುತ್ತಾರೆಂಬ ಪಟ್ಟಿಯನ್ನೂ ಅದರಲ್ಲಿಯೇ ಅಚ್ಚುಹಾಕಿಸಲಿ.