ರಾಗ, ತಾಳ, ಮಟ್ಟು: ಯಕ್ಷಗಾನ ಪ್ರಸಂಗರಚನೆಯ ಸಂಗೀತಮುಖ

ಪ್ರಸಂಗಕರ್ತನು ಕೇವಲ ಕವಿ, ಸಂಗೀತವೇನಿದ್ದರೂ ಭಾಗವತನದು, ಸ್ವರಲಿಪಿಯೇ ಇಲ್ಲದ ಪರಂಪರೆಯಲ್ಲಿ ಸಂಗೀತರಚನೆಯೆಂಬುದು ಇರುವುದಾದರೂ ಹೇಗೆ ಎಂಬ ಅಭಿಪ್ರಾಯವು ಈಚೆಗೆ ಉಡುಪಿ, ಮಣಿಪಾಲಗಳ ವಿದ್ವಜ್ಜನರ ನಡುವೆಯೂ ಕೇಳಿಬರುತ್ತಿರುವುದರಿಂದ, ಬಹುಕಾಲ ಹಿಮ್ಮೇಳದ ಸಮೀಪವರ್ತಿಯಾಗಿದ್ದ ನಾನು ಈ ರಚನಾಕ್ರಮದ ಇತಿಹಾಸವನ್ನು ಸ್ಥೂಲವಾಗಿಯಾದರೂ ನಿರೂಪಿಸಬೇಕಾಗಿದೆ.

ಇಂದಿನ ಬ್ರಹ್ಮಾವರವೆಂದು ಗುರುತಿಸಲಾದ ಅಜಪುರದ ವಿಷ್ಣುಕವಿಯ ‘ವಿರಾಟಪರ್ವ’ವನ್ನು ಸುಮಾರು 1564ರದೆಂದು ಎಣಿಸುತ್ತಾರೆ. ಅದೇ ಶತಮಾನದ ವಾದಿರಾಜರ ‘ಲಕ್ಷ್ಮೀಶೋಭಾನೆ’ ಹೆಂಗಸರ ಕಂಠದಿಂದ ಕಂಠಕ್ಕೆ ಸಾಗಿ ಮದುವೆಮನೆಗಳಲ್ಲಿ ಇಂದಿಗೂ ಉಳಿದಿದೆ. ಅನಂತರ ಕುಂಬಳೆಯ ಪಾರ್ತಿಸುಬ್ಬ. ಅವನ ಕಾಲದ ವಿವಾದ ಇಲ್ಲಿ ಅಪ್ರಸ್ತುತ. 1850ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನ ಮೋಗ್ಲಿಂಗ್ ದಾಸರ ಪದಗಳನ್ನು ಅಚ್ಚು ಹಾಕಿಸಿದನು; ಮುಂದೆ ಉಡುಪಿಯಲ್ಲಿ ಪಾವಂಜೆ ಗುರುರಾಯರು ದಾಸಸಾಹಿತ್ಯವನ್ನೂ ಪ್ರಸಂಗಗಳನ್ನೂ ಪ್ರಕಟಿಸಿದರು. ಮುದ್ರಣವು ಮಾತನ್ನು ರಕ್ಷಿಸಿತು, ಧಾಟಿಯನ್ನಲ್ಲ.

ಆದರೆ ಆ ಹಳೆಯ ಪುಟವನ್ನು ಓದಬಲ್ಲವನಿಗೆ ಅದು ಮೂಕವಲ್ಲ. ಪದದ ನೆತ್ತಿಯ ಮೇಲೆ ‘ಸೌರಾಷ್ಟ್ರ – ತ್ರಿವುಡೆ’ ಎಂದಿರುತ್ತದೆ, ಅಷ್ಟೆ. ಸಾಲಿನೊಳಗೆ ಮೂರು ಮತ್ತು ನಾಲ್ಕು ಮಾತ್ರೆಗಳ ಗಣಗಳು ಸರತಿಯಂತೆ ಬರುತ್ತಿದ್ದರೆ ತ್ರಿವುಡೆಯ ನಡೆ ಅಕ್ಷರಗಳಲ್ಲಿಯೇ ನಿಂತಿರುತ್ತದೆ. ಐದೈದು ಮಾತ್ರೆಗಳಾದರೆ ಝಂಪೆ. ‘ಭಾಮಿನಿ’, ‘ವಾರ್ಧಕ’ ಎಂದಿದ್ದರೆ ತಾಳವಿಲ್ಲದೆ ರಾಗವಾಗಿ ಹಾಡತಕ್ಕದ್ದು. ಪಾದಗಳ ದೈರ್ಘ್ಯ, ಪ್ರಾಸದ ನೆಲೆ, ಪಲ್ಲವಿಯ ತಿರುವು ಇವೆಲ್ಲ ಸೇರಿ ಯಾವ ಮಟ್ಟು, ಅಂದರೆ ಹಾಡುವ ಧಾಟಿಯ ಯಾವ ಅಚ್ಚು ಎಂಬುದನ್ನು ಅರಿತವನಿಗೆ ತಿಳಿಸುತ್ತವೆ. ಶಿಮಂತೂರು ನಾರಾಯಣ ಶೆಟ್ಟರ ‘ಯಕ್ಷಗಾನ ಛಂದೋಂಬುಧಿ’ಯನ್ನು ಛಂದಶ್ಶಾಸ್ತ್ರವೆಂದು ಮಾತ್ರ ಓದುವವರು ಅದರ ಅರ್ಧವನ್ನಷ್ಟೇ ಓದಿದ್ದಾರೆ.

ಇಷ್ಟಾಗಿಯೂ ಆ ಶೀರ್ಷಿಕೆಯಲ್ಲಿ ಸೇರದುದು ಬಹಳವಿದೆ. ಎಲ್ಲಿ ಎಳೆಯಬೇಕು, ಎಲ್ಲಿ ಮದ್ದಳೆಗೆ ಅವಕಾಶ ಕೊಡಬೇಕು, ಯಾವ ಪದವನ್ನು ಏರುಪದವಾಗಿ ಎತ್ತಬೇಕು ಎಂಬುದನ್ನು ಕವಿಯು ಭಾಗವತನೆದುರು ಕುಳಿತು ಹಾಡಿಯೇ ತಿಳಿಸಬೇಕು. ನಮ್ಮ ಪ್ರಸಂಗಕರ್ತರು ಕೃತಿಯನ್ನು ಮೇಳಕ್ಕೆ ಒಪ್ಪಿಸುತ್ತಿದ್ದುದು, ಭಾಗವತರು ಅದನ್ನು ಕೈಬರಹದಲ್ಲಿ ನಕಲು ಮಾಡಿಕೊಳ್ಳುತ್ತಿದ್ದುದು ಔದಾರ್ಯದಿಂದ ಮಾತ್ರವಲ್ಲ. ಪರಕಂಠವನ್ನು ಸೇರದೆ ಆ ಕೃತಿ ಪೂರ್ಣವೇ ಆಗುತ್ತಿರಲಿಲ್ಲ. ಕಾರ್ಕಳ ಸೀಮೆಯ ನಂದಳಿಕೆಯಲ್ಲಿ 1870ರಲ್ಲಿ ಜನಿಸಿ, ಉಡುಪಿಯಲ್ಲಿ ವ್ಯಾಯಾಮಶಿಕ್ಷಕನಾಗಿ ದುಡಿದು, 1901ರಲ್ಲಿಯೇ ತೀರಿಹೋದ ಮುದ್ದಣನು ‘ಶ್ರೀರಾಮಾಶ್ವಮೇಧ’ವನ್ನು ಪ್ರಾಚೀನನೊಬ್ಬನ ಕೃತಿಯೆಂಬಂತೆ ಮೈಸೂರಿಗೆ ಕಳುಹಿಸಿದ ಸಂಗತಿ ಸರ್ವವಿದಿತ. ಅವನ ‘ರತ್ನಾವತೀ ಕಲ್ಯಾಣ’, ‘ಕುಮಾರವಿಜಯ’ಗಳನ್ನು ಮಾತ್ರ ನಮ್ಮ ಸಾಹಿತ್ಯಚರಿತ್ರೆಗಳು ಒಂದೆರಡು ಸಾಲಿನಲ್ಲಿ ಮುಗಿಸುತ್ತವೆ. ಗದ್ಯದಲ್ಲಿ ಕಾಣುವ ಅದೇ ಕಿವಿ ‘ಕುಮಾರವಿಜಯ’ದ ಪದಬಂಧದಲ್ಲಿ ಇನ್ನೂ ಸೂಕ್ಷ್ಮವಾಗಿ ಕೆಲಸ ಮಾಡಿದೆಯೆಂಬುದು ನನ್ನ ದೃಢವಾದ ಅಭಿಪ್ರಾಯ.

ನಮ್ಮ ತಲೆಮಾರಿಗೆ ಕಣ್ಣು ತೆರೆಯಿಸಿದುದು 1957ರಲ್ಲಿ ಬಂದ ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’. ಯಕ್ಷಗಾನದ ರಾಗಗಳನ್ನು ಕರ್ನಾಟಕ ಸಂಗೀತದ ಕೆಟ್ಟ ರೂಪಗಳೆಂದು ಬಗೆಯದೆ ಸ್ವತಂತ್ರವಾಗಿ ಪರಿಶೀಲಿಸಬೇಕೆಂಬ ಅವರ ಹಟದಿಂದಲೇ ಈ ಕ್ಷೇತ್ರ ಶಾಸ್ತ್ರವಾಯಿತು. 1971ರಲ್ಲಿ ಉಡುಪಿಯ ಎಂಜಿಎಂ ಕಾಲೇಜಿನ ಆಶ್ರಯದಲ್ಲಿ, ಕು. ಶಿ. ಹರಿದಾಸ ಭಟ್ಟರ ಮುತುವರ್ಜಿಯಿಂದ ಯಕ್ಷಗಾನ ಕೇಂದ್ರ ಆರಂಭವಾದಾಗ ನೀಲಾವರ ರಾಮಕೃಷ್ಣಯ್ಯನವರಂಥ ಭಾಗವತರು ಅಲ್ಲಿ ಗುರುಗಳಾದರು. ಹಿರಿಯಡ್ಕ ಗೋಪಾಲರಾಯರ ಮದ್ದಳೆಯ ನುಡಿಯನ್ನು ಕೇಳಿದವರಿಗೆ, ಪದವೊಂದು ಗಾಯಕನಿಂದ ಮಾತ್ರ ರೂಪುಗೊಳ್ಳುವುದಿಲ್ಲವೆಂದು ಬೇರೆ ಹೇಳಬೇಕಾಗಿರಲಿಲ್ಲ. ಗುಂಡ್ಮಿಯ ಕಾಳಿಂಗ ನಾವಡರು 1990ರಲ್ಲಿ ಅಕಾಲಮರಣಕ್ಕೆ ತುತ್ತಾಗುವುದರೊಳಗೆ ಬಡಗುತಿಟ್ಟಿನ ಹಾಡುಗಾರಿಕೆಗೆ ಹೊಸ ರಾಗಗಳನ್ನು ತಂದುದಲ್ಲದೆ ‘ನಾಗಶ್ರೀ’ ಪ್ರಸಂಗವನ್ನೂ ರಚಿಸಿದರು. ಅವರನ್ನು ಅನುಕರಿಸಿದವರಲ್ಲಿ ರಾಗ ಬೆಳೆಯಿತು, ಮಟ್ಟು ಸವೆಯಿತು. ತೆಂಕಿನಲ್ಲಿ, ಕಟೀಲು ಮೇಳದ ಹರಕೆಯ ಆಟಗಳ ಮೂಲಕ ಕಾಪು, ಕಾರ್ಕಳಗಳ ಹಳ್ಳಿಗಳಿಗೂ ಪರಿಚಿತರಾಗಿದ್ದ ಬಲಿಪ ನಾರಾಯಣ ಭಾಗವತರು ಸ್ವತಃ ಪ್ರಸಂಗಕರ್ತರು. ಐದು ದಿನದ ‘ದೇವೀಮಹಾತ್ಮೆ’ಯನ್ನು ಬರೆದವರೂ ಹಳೆಯ ಮಟ್ಟುಗಳನ್ನು ಧಾರಣೆ ಮಾಡಿದ್ದವರೂ ಒಬ್ಬರೇ ಆಗಿದ್ದರು. 2023ರಲ್ಲಿ ಅವರು ತೀರಿಕೊಂಡರು.

1904ರಲ್ಲಿ ಎಟ್ಟಯಪುರದ ಸುಬ್ಬರಾಮ ದೀಕ್ಷಿತರು ಗಮಕಸಂಕೇತಗಳ ಸಹಿತ ‘ಸಂಗೀತ ಸಂಪ್ರದಾಯ ಪ್ರದರ್ಶಿನೀ’ಯನ್ನು ಪ್ರಕಟಿಸಿ ಕರ್ನಾಟಕ ಸಂಗೀತದ ಒಂದು ಪರಂಪರೆಯ ಕಂಠವನ್ನೇ ಕಾಗದಕ್ಕೆ ಇಳಿಸಲು ಯತ್ನಿಸಿದರು. ಕರಾವಳಿಯಲ್ಲಿ ಪ್ರಸಂಗಗಳ ಪಾಠ ಮರುಮುದ್ರಣವಾಗುತ್ತಿದೆ, ಯಕ್ಷವಾಹಿನಿಯ ಉತ್ಸಾಹಿಗಳ ಶ್ರಮದಿಂದ ಅವು ಗಣಕಕ್ಕೂ ಏರಿವೆ. ಆದರೆ ಒಂದು ಪ್ರಸಂಗದ ಆದ್ಯಂತ ಪದಗಳನ್ನು ಎರಡೂ ತಿಟ್ಟುಗಳ ಹಿರಿಯ ಭಾಗವತರಿಂದ ಹಾಡಿಸಿ, ಧ್ವನಿಮುದ್ರಣದೊಡನೆ ಸ್ವರ, ಮಾತ್ರೆ, ಮದ್ದಳೆಯ ಬಾಯಿತಾಳಗಳನ್ನು ಎದುರುಬದುರು ಅಚ್ಚು ಮಾಡಿದ ಆವೃತ್ತಿಯು ಪ್ರತಿಯೊಬ್ಬ ವಿದ್ಯಾರ್ಥಿಯ ಕೈಯಲ್ಲಿರಬೇಕಾಗಿತ್ತು. ಮೂಲಪಾಠ, ಕೇಂದ್ರ, ಹಾಡಬಲ್ಲ ಕೆಲವು ಕಂಠಗಳು ಈ ಜಿಲ್ಲೆಯಲ್ಲಿಯೇ ಇವೆ. ಕೆಲಸವನ್ನು ‘ಕುಮಾರವಿಜಯ’ದಿಂದಲೇ ಆರಂಭಿಸಬಹುದು.