ಮೊಣಕಾಲಿನ ಆಪರೇಷನ್, ತೊಡೆಯ ಇತಿಹಾಸ

ಹೋದ ವರ್ಷ ಒಂದು ಬೆಳಗ್ಗೆ ಕೋಯಂಬೇಡು ಬಸ್ ನಿಲ್ದಾಣದಲ್ಲಿ ಅಮ್ಮನಿಗಾಗಿ ಕಾಯ್ತಾ ನಿಂತಿದ್ದೆ. ಬೆಂಗಳೂರು ಬಸ್ಸಿನಿಂದ ಅಮ್ಮ ಎರಡೂ ಕೈಯಲ್ಲಿ ಕಂಬಿ ಹಿಡಿದು, ಹಿಮ್ಮುಖವಾಗಿ ಇಳಿದಳು. "ಹಿಂಗೇ ಸುಲಭ ಕಣೋ" ಅಂತ ನಗು ಬೇರೆ.

ಮೊಣಕಾಲು ಬದಲಿಸುವ ಆಪರೇಷನ್ನಿಗೆ ನಾನು ರಜೆ ಹಾಕಿಯಾಗಿತ್ತು. ಆದರೆ ಫಿಸಿಯೋಥೆರಪಿಸ್ಟ್ ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಕೈ ಊರದೆ ಏಳಿ ಅಂದರು. ಒಂದು ಸಲವೂ ಆಗಲಿಲ್ಲ. ಮೊದಲು ಆರು ವಾರ ತೊಡೆಗೆ ಕಸರತ್ತು, ಆಪರೇಷನ್ ಆಮೇಲೆ ಅಂದರು. ನನಗೆ ಸಿಟ್ಟು ಬಂತು. ಹೇಗೂ ಹೊಸ ಕೀಲು ಹಾಕ್ತಾರಲ್ಲ, ಹಳೆ ಕಾಲಿಗೆ ಯಾಕೆ ಕಸರತ್ತು? ಆ ಸಿಟ್ಟಿನಲ್ಲೇ ಓದೋಕೆ ಕೂತೆ.

ಭಾರ ಎತ್ತಿದರೆ ಬಲ ಬರುತ್ತೆ ಅನ್ನೋದು ನಮ್ಮ ಗರಡಿಮನೆಗಳಿಗೆ ಹೊಸದೇನಲ್ಲ. 1930ರ ದಶಕದಲ್ಲೇ ಬೆಂಗಳೂರಿನಲ್ಲಿ ಕೆ.ವಿ. ಅಯ್ಯರ್ (ಹೌದು, 'ಶಾಂತಲಾ' ಕಾದಂಬರಿ ಬರೆದವರೇ) ತಮ್ಮ ವ್ಯಾಯಾಮಶಾಲೆಯಲ್ಲಿ ಹುಡುಗರ ಕೈಲಿ ಬಾರ್ಬೆಲ್ ಎತ್ತಿಸ್ತಿದ್ದರು. ಅದು ಆಸ್ಪತ್ರೆಯೊಳಗೆ ಬರೋದಕ್ಕೆ ಮಾತ್ರ ಒಂದು ಮಹಾಯುದ್ಧ ಬೇಕಾಯ್ತು.

ಎರಡನೇ ಮಹಾಯುದ್ಧದ ಕೊನೆಯಲ್ಲಿ ಷಿಕಾಗೋದ ಗಾರ್ಡಿನರ್ ಸೇನಾ ಆಸ್ಪತ್ರೆ ಗಾಯಾಳುಗಳಿಂದ ತುಂಬಿತ್ತು. ಮೊಣಕಾಲು ಕೆಟ್ಟ ಸೈನಿಕರಿಗೆ ಆಗ ಹಗುರ ಭಾರ ಕೊಟ್ಟು ನೂರಾರು ಸಲ ಎತ್ತಿಸೋದು ರೂಢಿ. ಅಲ್ಲಿನ ಯುವ ವೈದ್ಯ ಥಾಮಸ್ ಡಿಲಾರ್ಮ್ ಸ್ವತಃ ಬಾರ್ಬೆಲ್ ಎತ್ತುತ್ತಿದ್ದವರು. ಚಿಕ್ಕಂದಿನಲ್ಲಿ ರುಮ್ಯಾಟಿಕ್ ಜ್ವರದಿಂದ ಹಾಸಿಗೆ ಹಿಡಿದು, ಎದ್ದ ಮೇಲೆ ಭಾರ ಎತ್ತಿ ಮೈ ಕಟ್ಟಿಕೊಂಡವರು. ಅವರು ರೂಢಿಯನ್ನು ತಿರುಗಿಸಿಬಿಟ್ಟರು: ಕಾಲಿಗೆ ಕಬ್ಬಿಣದ ಬೂಟು ಕಟ್ಟಿ, ಹತ್ತು ಸಲವಷ್ಟೇ ಎತ್ತಲಾಗುವ ಭಾರ ಕೊಡಿ, ಬಲ ಬಂದ ಹಾಗೆ ಭಾರ ಏರಿಸಿ. 1945ರಲ್ಲಿ ಅವರ ಲೇಖನ ಬಂತು. 1948ರ ಹೊತ್ತಿಗೆ ಅದು ಹತ್ತರ ಮೂರು ಸುತ್ತುಗಳಾಯ್ತು. ಇವತ್ತು ನಿಮ್ಮ ಜಿಮ್ ಟ್ರೈನರ್ ಹೇಳೋ "ಮೂರು ಸೆಟ್, ಹತ್ತು ಹತ್ತು" ಇದೆಯಲ್ಲ, ಅದರ ಒಂದು ಬೇರು ಸೈನಿಕರ ಮೊಣಕಾಲಿನಲ್ಲಿದೆ!

ಇನ್ನೊಂದು ಸಂಗತಿ 1965ರದು. ಮೊಣಕೀಲಿನೊಳಗೆ ದ್ರವ ತುಂಬಿಸಿ ನೋಡಿದ ಸಂಶೋಧಕರಿಗೆ, ಕೀಲು ಉಬ್ಬಿದಂತೆ ತೊಡೆಯ ಮುಂಭಾಗದ ಸ್ನಾಯು ತಾನಾಗೇ ಮಂಕಾಗೋದು ಕಂಡಿತು. ಅಂದರೆ ಊದಿದ ಮೊಣಕಾಲಿನವರು "ಕಾಲು ಎತ್ತೋಕೆ ಆಗ್ತಿಲ್ಲ" ಅಂದರೆ ಅದು ಸೋಮಾರಿತನ ಅಲ್ಲ. ನಾನು ಅಮ್ಮನಿಗೆ ಎಷ್ಟು ಸಲ ಗದರಿದ್ದೆ!

ನನ್ನ ಬಾಯಿ ಮುಚ್ಚಿಸಿದ್ದು 2005ರ ಅಧ್ಯಯನಗಳು. ಅಮೆರಿಕದ ಡೆಲವೇರ್‌ನಲ್ಲಿ ಮಿಜ್ನರ್ ಮತ್ತು ಸಂಗಡಿಗರು ಮೊಣಕಾಲು ಬದಲಿಸಿಕೊಂಡ 20 ಜನರನ್ನು ಅಳೆದರು. ಆಪರೇಷನ್ ಆಗಿ ಸುಮಾರು ಒಂದು ತಿಂಗಳಿಗೆ ಆ ಸ್ನಾಯುವಿನ ಬಲ ಶೇ. 62ರಷ್ಟು ಇಳಿದಿತ್ತು. ಅದೇ ತಂಡದ ಮತ್ತೊಂದು ಅಧ್ಯಯನದ ಪ್ರಕಾರ, ಒಂದು ವರ್ಷದ ನಂತರ ಮೆಟ್ಟಿಲು ಹತ್ತೋದು, ನಡೆಯೋದು ಹೇಗಿರುತ್ತೆ ಅನ್ನೋದಕ್ಕೆ ಆಪರೇಷನ್ನಿಗೆ ಮುಂಚೆ ಇದ್ದ ಬಲವೇ ಸುಳಿವು. ಇರೋದರಲ್ಲೇ ಅಷ್ಟು ಕಳೆಯುತ್ತೆ ಅಂದರೆ, ಏನೂ ಇಲ್ಲದೆ ಟೇಬಲ್ ಹತ್ತಿದವರ ಗತಿ?

ಮ್ಯಾನೇಜರ್ ಹತ್ತಿರ ಮಾತಾಡಿ ರಜೆ ಮುಂದೆ ಹಾಕಿದೆ. ಕೋಯಂಬೇಡು ಮಾರುಕಟ್ಟೆಯಿಂದ ತಂದ ಬೇಳೆಯನ್ನು ಚೀಲಕ್ಕೆ ತುಂಬಿ ಅಮ್ಮನ ಕಣಕಾಲಿಗೆ ಕಟ್ಟಿದ್ವಿ. ಮೊದಲ ವಾರ ಅರ್ಧ ಕಿಲೋ, ಐದನೇ ವಾರಕ್ಕೆ ಎರಡು. "ಸಾರಿಗೆ ಬೇಳೆ ಇಲ್ಲ, ಕಾಲಿಗೆ ಇದೆ" ಅಂತ ಗೊಣಗುತ್ತಲೇ ಎತ್ತಿದಳು. ಆಪರೇಷನ್ ಆದ ಮೇಲೆ ಮತ್ತೆ ಅರ್ಧ ಕಿಲೋದಿಂದ ಶುರು. ಆಗ ಒಂದು ದಿನ ಅತ್ತಳು ಕೂಡ.

ನಾಲ್ಕು ತಿಂಗಳಾದ ಮೇಲೆ ಅದೇ ನಿಲ್ದಾಣದಲ್ಲಿ ಬಸ್ ಹತ್ತಿಸೋಕೆ ಹೋದೆ. ಹೇಳಿಕೊಟ್ಟಂತೆ ಒಳ್ಳೆ ಕಾಲು ಮೊದಲಿಟ್ಟು, ಒಂದೇ ಕೈಯಲ್ಲಿ ಕಂಬಿ ಹಿಡಿದು ಹತ್ತಿದಳು. ಇನ್ನೊಂದು ಕೈಯಲ್ಲಿ ಬೇಳೆ ಚೀಲ ಇತ್ತು.